ಡಬ್ಬಿಯ ಮೇಲಿನ ಅರಬಿ

ಭಾವ ಗಲ್ಫಿನಿಂದ ರಜೆಗೆ ಬಂದಾಗ ಡಬ್ಬಿಯಲ್ಲಿ ತುಂಬಿದ ಮಾಂಸ ತಂದಿದ್ದರು. ಎಂಬತ್ತರ ದಶಕದ ಕಾಪುವಿನಲ್ಲಿ, ದಿನಾ ಹಸಿ ಮೀನು ಸಿಗುವಾಗ, ವರ್ಷಗಟ್ಟಲೆ ಕೆಡದ ಮಾಂಸ ಯಾರಿಗೂ ಬೇಕಿರಲಿಲ್ಲ. ಬೇಕಾದದ್ದು ನನಗೆ, ದೊಡ್ಡಸ್ತಿಕೆ ತೋರಿಸಲಿಕ್ಕೆ. ಕಾಲೇಜಿನ ಗೆಳೆಯನನ್ನು ಪುಸಲಾಯಿಸಿ, ಕಾರ್ಕಳದ ಆಚೆ ಕಾಡಿನ ಅಂಚಿನಲ್ಲಿ ಗುಡಾರ ಹಾಕಿ ಎರಡು ದಿನ ಇರೋಣವೆಂದು ಹೊರಡಿಸಿದೆ. ಗುಡಾರವೆಂದರೆ ಅವನ ತಂದೆಯ ದೋಣಿಯ ಟಾರ್ಪಾಲು.

ಅವರದು ಮೀನುಗಾರರ ಮನೆ. ಹೊರಡುವಾಗ ಅವನ ತಾಯಿ ನನ್ನನ್ನು ಬದಿಗೆ ಕರೆದು, "ಮಗಾ, ಕೋಳಿಯಾದರೆ ಅಡ್ಡಿಯಿಲ್ಲ. ದನದ್ದು ಮಾತ್ರ ಅವನಿಗೆ ಕೊಡಬೇಡ. ನಿನ್ನನ್ನು ನಂಬಿ ಕಳಿಸುವುದು," ಎಂದರು. ನಮ್ಮ ಮನೆಯಲ್ಲಿ ಅವನು ಅದುವರೆಗೆ ಚಹಾ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ. ಚೀಲದಲ್ಲಿ ಎರಡು ಡಬ್ಬಿಗಳಿದ್ದವು. ಒಂದರ ಮೇಲೆ ಕೋಳಿಯ ಚಿತ್ರ, ಇನ್ನೊಂದರ ಮೇಲೆ ದನದ್ದು. ತಪ್ಪುವುದಾದರೂ ಹೇಗೆ?

ತಲುಪಿದ ಕೂಡಲೇ ಡಬ್ಬಿಗಳನ್ನು ತೊರೆಯ ನೀರಿನಲ್ಲಿ ಮುಳುಗಿಸಿಟ್ಟೆ, ಬಿಸಿಲಿಗೆ ಮಾಂಸ ಕೆಡದಿರಲಿ ಎಂದು. ಕೆಡದಿರಲೆಂದೇ ಅದನ್ನು ಡಬ್ಬಿಗೆ ತುಂಬಿದ್ದೆಂಬುದು ಕಾಲೇಜು ಮೆಟ್ಟಿಲು ಹತ್ತಿದ ನನ್ನ ತಲೆಗೆ ಹೊಳೆಯಲಿಲ್ಲ. ಸಂಜೆ ತೆಗೆದು ನೋಡಿದರೆ ಚಿತ್ರದ ಕಾಗದ ನೀರುಪಾಲು. ಅಂಟಿಕೊಂಡು ಉಳಿದದ್ದು ಅರಬಿ ಅಕ್ಷರಗಳ ಚೂರು ಮಾತ್ರ.

"ನಿನಗೆ ಅರಬಿ ಬರುತ್ತದೆ ಅಲ್ವಾ? ಓದು ಮಾರಾಯ," ಎಂದ ಗೆಳೆಯ.

ಮದರಸದಲ್ಲಿ ಚೆನ್ನಾಗಿ ಓದಿ ಬಹುಮಾನ ಪಡೆದವನು ನಾನು. ಅಲ್ಲಿ ಕಲಿತದ್ದು ಅಕ್ಷರ ಮತ್ತು ಉಚ್ಚಾರ. ಮಾತಿನ ಅರ್ಥ ಕೇಳುವ ಗೋಜಿಗೆ ನಾನು ಹೋದವನಲ್ಲ. ಒಂದು ಡಬ್ಬಿಯನ್ನು ಎತ್ತಿ, ಗಂಟಲು ಸರಿಮಾಡಿಕೊಂಡು, "ದಜಾಜ್" ಎಂದು ರಾಗವಾಗಿ ಓದಿದೆ.

"ಹಾಗೆಂದರೆ ಎಂತ?"

"ಕೋಳಿ," ಎಂದೆ. ಬಾಯಿಗೆ ಬಂದದ್ದನ್ನು ಹೇಳಿದ್ದು.

ಕತ್ತಿಯಿಂದ ಡಬ್ಬಿಯನ್ನು ಕೊಚ್ಚಿ ತೆರೆದೆವು. ಒಳಗೆ ನುಣ್ಣಗೆ ಅರೆದ ಮಾಂಸ. ನೋಡಿದರೆ ಯಾವುದರದ್ದೆಂದು ಹೇಳುವಂತಿರಲಿಲ್ಲ. ಅವನು ಅನ್ನಕ್ಕೆ ಕಲಸಿ ತುತ್ತು ಎತ್ತಿದ. ಅವನ ತಾಯಿಯ ಮುಖ ನೆನಪಾಗಿ ನನಗೆ ಹೆದರಿಕೆಯಾಯಿತು.

"ನಿಲ್ಲು. ನನಗೆ ಓದಲಿಕ್ಕೆ ಮಾತ್ರ ಬರುವುದು. ಅರ್ಥ ಗೊತ್ತಿಲ್ಲ."

ಅವನು ತುತ್ತನ್ನು ತಟ್ಟೆಗೆ ಹಾಕಿ ನನ್ನನ್ನೇ ನೋಡಿದ. "ಮತ್ತೆ ಅಷ್ಟು ರಾಗ ಎಳೆದದ್ದು ಯಾಕೆ?"

ಮಾಂಸ ಅಲ್ಲೇ ಸುಳಿದಾಡುತ್ತಿದ್ದ ನಾಯಿಯ ಪಾಲಾಯಿತು. ಇಬ್ಬರೂ ಉಪ್ಪು, ಹಸಿಮೆಣಸು ನಂಚಿಕೊಂಡು ಅನ್ನ ಉಂಡೆವು. ಮರುದಿನ ಬೆಳಿಗ್ಗೆಯೇ ಟಾರ್ಪಾಲು ಮಡಚಿ ಬಸ್ಸು ಹತ್ತಿದೆವು.

ಮನೆಯಲ್ಲಿ ಭಾವನಿಗೆ ಖಾಲಿ ಡಬ್ಬಿ ತೋರಿಸಿದೆ. "ದಜಾಜ್ ಅಂದರೆ ಕೋಳಿಯೇ. ಯಾಕೆ?" ಎಂದರು. ನಾನು ಬಿಟ್ಟ ಬುರುಡೆ ನಿಜವಾಗಿತ್ತು. ನಿಜ ಹೇಳಿ ಗೆಳೆಯನ ಊಟ ಕೆಡಿಸಿದ್ದೆ.

ನಾಚಿಕೆ ಬಿಟ್ಟು ಗೆಳೆಯನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ತಾಯಿ ನಗಲಿಲ್ಲ. ಮಗನ ಕಡೆ ತಿರುಗಿ, "ಇವನು ತಡೆದನಲ್ಲ, ಅಷ್ಟು ಸಾಕು. ಇನ್ನು ಅವರ ಮನೆಯಲ್ಲಿ ಊಟ ಮಾಡು," ಎಂದರು.

ಆ ಶುಕ್ರವಾರ ಅವನು ನಮ್ಮಲ್ಲಿ ಊಟಕ್ಕೆ ಕುಳಿತ. ನನ್ನ ಉಮ್ಮ ಬಡಿಸಿದ್ದು ಎಂತದೆಂದು ಅವನು ಕೇಳಲಿಲ್ಲ. ಕಲಸಿ ಉಂಡ.