ಮಡಿ ಕಂಪ್ಯೂಟರು

ಪಕ್ಕದ ಮನೆಯವರು ಹಿತ್ತಲಲ್ಲಿ ಮಾಂಸ ಸುಡಲು ಗ್ರಿಲ್ ಹಚ್ಚಿದ್ದಾರೆ. ಹೊಗೆಯ ವಾಸನೆ ಕಿಟಕಿಯಿಂದ ಬಂದದ್ದೇ ತಡ, ಗ್ರಿಲ್ಲಿನ ಹೊಗೆ ಎಂದು ಗೊತ್ತಿದ್ದೂ ಎದ್ದು ಹೋಗಿ ಗುಡ್ಡದ ಕಡೆ ನೋಡಿ ಬಂದೆ. ಪರದೇಶದ ನಮ್ಮ ಈ ಊರು ಎವರ್‌ಗ್ರೀನ್‌ನಲ್ಲಿ ಹುಲ್ಲು ಒಣಗುವ ಕಾಲಕ್ಕೆ ನಾನು ಹೀಗೇ, ನಗಬೇಡಿ. ಮೇಜಿನ ಮೇಲೆ ರೇಡಿಯೊದ ಲ್ಯಾಪ್‌ಟಾಪು, ಅಪ್‌ಡೇಟ್ ಮಾಡಲೇ ಎಂದು ಕೇಳುತ್ತ ಕೂತಿದೆ.

ಇದಕ್ಕೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕುವುದೆಂದು ನಾನು ತಲೆ ಕೆಡಿಸಿಕೊಂಡಷ್ಟು ನನ್ನ ಮದುವೆಗೂ ಯಾರೂ ಕೆಡಿಸಿಕೊಂಡಿರಲಿಲ್ಲ. ಹವ್ಯಾಸಕ್ಕೆ ಮನೆಯಿಂದಲೇ ರೇಡಿಯೊ ನಡೆಸುವ ನಮ್ಮ ಹ್ಯಾಮ್ ರೇಡಿಯೊ ಗೆಳೆಯರಲ್ಲಿ ಒಬ್ಬರು ವಿಂಡೋಸ್ ಅಂದರೆ ಇನ್ನೊಬ್ಬರು ಮ್ಯಾಕ್ ಅನ್ನುವರು. ಕೊನೆಗೆ ಲಿನಕ್ಸ್ ಹಾಕಿಸಿದವರು ಧಾರವಾಡದ ಕುಲಕರ್ಣಿ ಕಾಕಾ. ಇಲ್ಲೇ ಗುಡ್ಡದ ಮೇಲಿನ ರಸ್ತೆಯಲ್ಲಿ ಅವರ ಮನೆ. ಕಿವಿ ಮಂದವಾದ ಮೇಲೆ ಅವರು ರೇಡಿಯೊದಲ್ಲಿ ಮಾತು ಬಿಟ್ಟು ಬರೀ ಟೈಪ್ ಮಾಡುತ್ತಿದ್ದರು. ಅಕ್ಷರಗಳು ಸಿಳ್ಳೆಯಾಗಿ ಗಾಳಿಯಲ್ಲಿ ಬಂದು, ಈ ಕಡೆಯ ಕಂಪ್ಯೂಟರಿನಲ್ಲಿ ಮತ್ತೆ ಅಕ್ಷರಗಳಾಗುತ್ತವೆ.

ಎಲ್ಲ ಸರಿಹೋದ ಮೇಲೆ ನನಗೆ ಭಯ ಹತ್ತಿತು. ಅಪ್‌ಡೇಟ್ ಆಗಿ ಏನಾದರೂ ಕೆಟ್ಟರೆ? ಇಂಟರ್ನೆಟ್ ತಪ್ಪಿಸಿದೆ. ಮಗಳು ಮುಟ್ಟಬಾರದು, ಹೆಂಡತಿ ಧೂಳು ಒರೆಸಬಾರದು.

“ನಿಮ್ಮಜ್ಜಿ ಮಡಿ ಸೀರೇನ ಹೀಗೇ ಕಾಯ್ತಿದ್ರಂತೆ,” ಎಂದಳು ಹೆಂಡತಿ ಸುಧಾ.

ಕಾಕಾ ಬೈದೇ ಬೈದರು: “ಆಗೊಮ್ಮೆ ಈಗೊಮ್ಮೆರ ಅದಕ್ಕ ಇಂಟರ್ನೆಟ್ಟು ತೋರಸೋ ತಮ್ಮಾ. ಅದೇನು ದೇವರ ಪೆಟ್ಟಿಗಿ ಏನು?”

ನಾನು ಕೇಳಲಿಲ್ಲ. ಮಡಿ ಕೆಡದಿರಲೆಂದು ತಿಂಗಳುಗಟ್ಟಲೆ ಅದನ್ನು ಆನ್ ಕೂಡ ಮಾಡಲಿಲ್ಲ.

ಒಂದು ಮಧ್ಯಾಹ್ನ ಗುಡ್ಡಕ್ಕೆ ಬೆಂಕಿ ಬಿತ್ತು. ಕರೆಂಟು ಹೋಯಿತು, ಫೋನಿಗೆ ಸಿಗ್ನಲ್ ಇಲ್ಲ. ಸುಧಾ ಮಗಳನ್ನು ಕಾರಿನಲ್ಲಿ ಕೂರಿಸಿ ಹಾರ್ನ್ ಒತ್ತುತ್ತಿದ್ದಳು. ನಾನು ಮಾತ್ರ ರೇಡಿಯೊವನ್ನು ಬ್ಯಾಟರಿಗೆ ಸಿಕ್ಕಿಸಿ, ಲ್ಯಾಪ್‌ಟಾಪು ಆನ್ ಮಾಡಿ ಕೂತಿದ್ದೆ. ಕಾಕಾ, ಅವರ ಹೆಂಡತಿ ಕಾಕು ಗುಡ್ಡದಿಂದ ಕೆಳಗಿಳಿದರೋ ಇಲ್ಲವೋ? ರೇಡಿಯೊದಲ್ಲಿ ನಾವಿಬ್ಬರೇ ಬಳಸುವ ತರಂಗಾಂತರದಲ್ಲಿ ಸಿಳ್ಳೆ ಕೇಳಿಸಿತು, ಅವರದೇ. ತೆರೆಯ ಮೇಲೆ ಮಾತ್ರ ಒಂದಕ್ಷರವೂ ಇಲ್ಲ. ಮತ್ತೆ ಸಿಳ್ಳೆ, ಮತ್ತೆ ಖಾಲಿ. ಅವರು ಸಹಾಯಕ್ಕೆ ಕೂಗುತ್ತಿದ್ದಾರೆ, ನನಗೆ ಓದಲಾಗುತ್ತಿಲ್ಲ ಎಂದುಕೊಂಡು ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದೆ.

ಆಗ ಗಡಿಯಾರ ನೆನಪಾಯಿತು. ಈ ಸಿಳ್ಳೆಭಾಷೆಗೆ ಎರಡೂ ಕಡೆಯ ಗಡಿಯಾರ ಒಂದೆರಡು ಸೆಕೆಂಡಿನೊಳಗೆ ಹೊಂದಬೇಕು. ಇಂಟರ್ನೆಟ್ ಕಾಣದ ನನ್ನ ಮಡಿ ಕಂಪ್ಯೂಟರು ಏಳೆಂಟು ಸೆಕೆಂಡು ಹಿಂದೆ ಬಿದ್ದಿತ್ತು. ಸಿಗ್ನಲ್ ಇಲ್ಲದಿದ್ದರೂ ಫೋನಿನ ಗಡಿಯಾರ ಸರಿಯಿತ್ತು, ಅದನ್ನು ನೋಡಿ ಸರಿಮಾಡಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಸಾಲು ಮೂಡಿತು:

“ನಾವು ಮುಟ್ಟೀವಿ. ನೀ ಇನ್ನೂ ಅಲ್ಲೇ ಕುಂತೀ ಏನು? ಏಳೋ!”

ಮುಟ್ಟೀವಿ ಅಂದರೆ ಅವರ ಕಡೆ ತಲುಪಿದೆವು ಎಂದು. ಗುಡ್ಡದಿಂದ ದೂರ, ನೆವಾರ್ಕ್ ಊರಿನ ಯಾವುದೋ ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೇ ರೇಡಿಯೊ ಇಟ್ಟುಕೊಂಡು, ನನಗಾಗಿ ಹೆದರಿ ಅವರು ಅದನ್ನೇ ಮತ್ತೆ ಮತ್ತೆ ಟೈಪ್ ಮಾಡುತ್ತಿದ್ದರಂತೆ. ತಲೆಯೆತ್ತಿದೆ. ಕಿಟಕಿಯಾಚೆ ಬೂದಿ ಉದುರುತ್ತಿತ್ತು. ಹಾರ್ನ್ ಇನ್ನೂ ನಿಂತಿರಲಿಲ್ಲ.

ಆ ಸಲ ಬೆಂಕಿ ಮನೆಗಳ ತನಕ ಬರಲಿಲ್ಲ. ಮುಂದಿನ ಸಲ ಏನೋ, ಗೊತ್ತಿಲ್ಲ. ಇವತ್ತು ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಟ್ಟಿದ್ದೇನೆ, ತೆರೆ ಇನ್ನೂ ಅಪ್‌ಡೇಟ್ ಮಾಡಲೇ ಎಂದು ಕೇಳುತ್ತಿದೆ. ಕೆಟ್ಟರೂ ಕೆಡಬಹುದು, ಭಯವಂತೂ ಹೋಗಿಲ್ಲ. ಮಗಳನ್ನು ಕರೆದು ಬಟನ್ ತೋರಿಸಿದೆ.

ಅವಳು ಕೈ ಹಿಂದಕ್ಕೆಳೆದುಕೊಂಡಳು. “ಕ್ಯಾನ್ ಐ ಟಚ್ ಇಟ್, ಅಪ್ಪಾ?”

“ಮುಟ್ಟು,” ಎಂದೆ.