ವಾಲಿದ ದೋಣಿ ಏಳುವುದನ್ನು ಎಣಿಸುವ ದುಗ್ಗಪ್ಪ

ಕೋಡಿ ಎಂಬ ಊರಿನ ಹೊಳೆಬದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೀರಿನಲ್ಲಿ ತೇಲುವ ದೋಣಿಯ ನಡುವೆ ನಿಂತ ದುಗ್ಗಪ್ಪ ಕಣ್ಣು ಮುಚ್ಚಿ ಎಡಗಾಲನ್ನು ಜೋರಾಗಿ ಒತ್ತುತ್ತಾರೆ. ದೋಣಿ ವಾಲುತ್ತದೆ. "ಒಂದ್... ಎರಡ್... ಮೂರ್..." ಅದು ನೆಟ್ಟಗಾಗುವಾಗ ಲೆಕ್ಕ ಐದಕ್ಕೆ ಬಂದಿರುತ್ತದೆ.

"ಹ್ವಾಯ್ ದೇವು, ಇದನ್ನ ಕಡ್ಲಿಗ್ ಬಿಡುಕಾಗ," ಎಂದು ದೋಣಿಯ ಯಜಮಾನನನ್ನು ತಡೆಯುತ್ತಾರೆ.

ಅರವತ್ಮೂರರ ದುಗ್ಗಪ್ಪ ಓದಿದ್ದು ಮೂರನೇ ಕ್ಲಾಸು. ಮಳೆಗಾಲ ಕಳೆದು ನಾಡದೋಣಿಗಳು ಕಡಲಿಗಿಳಿಯುವ ಮೊದಲು ಇವರು ಹೀಗೆ ಕಾಲೊತ್ತಿ ನೋಡುವ ಪರೀಕ್ಷೆ ಆಗಲೇಬೇಕು. ಕಳೆದ ವರ್ಷ ನಲವತ್ತೆರಡು ದೋಣಿ ನೋಡಿದ್ದಾರೆ. ಸಂಭಾವನೆ, ಒಂದು ಹೊತ್ತಿನ ಸಾರಿಗಾಗುವಷ್ಟು ಮೀನು.

ಪೇಪರಿನವರಾದ ನಾವು ಸರ್ಕಾರಕ್ಕೂ ಮಾರುಕಟ್ಟೆಗೂ 'ಅಸ್ಥಿರತೆ' ಎಂಬ ಪದವನ್ನು ಧಾರಾಳವಾಗಿ ಅಂಟಿಸುತ್ತೇವೆ. ಹಾಗೆಂದರೆ ಏನೆಂದು ಇವರನ್ನು ಕೇಳಿದೆ. ನಕ್ಕರು. "ಓಲಾಡ್ದೇ ಇಪ್ಪು ದೋಣಿ ಎಲ್ಲಿತ್ ಮಾರಾಯ್ರೆ? ಓಲಾಡ್ಲಿ. ವಾಲಿ ತಿರ್ಗಿ ಏಳುಕೆ ತಡ ಮಾಡ್ತಲ್ಲ, ಅದಕ್ಕೆ ಹೆದ್ರ್ಕ್." ಇಷ್ಟು ವರ್ಷ ಬರೆದೂ ನನಗಿದು ಹೊಳೆದಿರಲಿಲ್ಲ!

ದೇವು ಮಾಡಿದ ಎಡವಟ್ಟು ಇಷ್ಟೇ. ಮೀನಿಗೆ ಜಾಗ ಹೆಚ್ಚಲಿ ಎಂದು ದೋಣಿಯ ತಳದ ಭಾರದ ಕಲ್ಲುಗಳನ್ನು ತೆಗೆದು, ಎಸೆಯಲು ಸುಲಭವೆಂದು ಬಲೆಯನ್ನು ಮೇಲೆ ರಾಶಿ ಹಾಕಿದ್ದಾನೆ. "ಬೇರೆಯವ್ರೆಲ್ಲ ಹೋಯಾಯ್ತ್ ದುಗ್ಗಪ್ಪಣ್ಣ," ಎಂದು ಗೊಣಗುತ್ತಾನೆ.

ದುಗ್ಗಪ್ಪ ಜಗ್ಗುವುದಿಲ್ಲ, ಅದಕ್ಕೆ ಕಾರಣವಿದೆ. ಹದಿನೈದು ವರ್ಷದ ಹಿಂದೆ ಭಾವ ಸೀನನ ದೋಣಿಯೂ ಹೀಗೇ ತಡವಾಗಿ ಎದ್ದಿತ್ತು. "ಭಾವ ಅಂತ ಮೋರೆ ಕಂಡ್ ಸುಮ್ನಾದೆ," ಎನ್ನುತ್ತಾರೆ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿತು. ಸೀನ ಈಜಿ ದಡ ಸೇರಿದರೂ ಅವರ ಬಲಗೈ ಇವತ್ತಿಗೂ ಮೇಲೇಳುವುದಿಲ್ಲ.

ಕೊನೆಗೆ ದೇವುವಿನ ಹೆಂಡತಿ ಪುಷ್ಪ ದಡದಿಂದಲೇ ಗದರುತ್ತಾರೆ: "ದುಗ್ಗಪ್ಪಣ್ಣ ಹೇಳ್ದಂಗೆ ಮಾಡಿ, ಕಾಂಬ!" ಕಲ್ಲುಗಳು ತಳಕ್ಕೆ ಮರಳುತ್ತವೆ, ಬಲೆ ಕೆಳಗಿಳಿಯುತ್ತದೆ. ಮತ್ತೆ ಕಾಲು ಒತ್ತಿದಾಗ ದೋಣಿ ಮೂರಕ್ಕೇ ಏಳುತ್ತದೆ. "ಇನ್ನ್ ಹೊರ್ಡಿ," ಎಂದು ದುಗ್ಗಪ್ಪ ನೀರಿಗಿಳಿದು ದಡಕ್ಕೆ ಬರುತ್ತಾರೆ.

ಅದೇ ಅಳಿವೆಯಲ್ಲಿ ಅಲೆಯೊಂದು ದೋಣಿಯ ಪಕ್ಕಕ್ಕೆ ಬಡಿಯುತ್ತದೆ. ದೇವು ಸೇರಿ ನಾಲ್ವರನ್ನು ಹೊತ್ತ ದೋಣಿ ಪೂರಾ ವಾಲುತ್ತದೆ. ಪುಷ್ಪ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ. ದೋಣಿ ಥಟ್ಟನೆ ಎದ್ದು ಮುಂದೆ ಸಾಗುತ್ತದೆ. ಪುಷ್ಪ ಮರಳ ಮೇಲೆ ಕುಸಿದು ಕುಳಿತು ನಗುತ್ತಾರೆ. ನನಗೂ ಹೋದ ಜೀವ ಬಂದಂತಾಗುತ್ತದೆ.

ದೇವು ತಿರುಗಿಯೂ ನೋಡಲಿಲ್ಲವಲ್ಲ, ಒಂದು ಕೈಯಾದರೂ ಬೀಸಬಾರದಿತ್ತೇ ಎಂದು ನಾನು ಸಿಡುಕುತ್ತೇನೆ. ದುಗ್ಗಪ್ಪ ಒದ್ದೆ ಪಂಚೆ ಹಿಂಡುತ್ತಾರೆ.

"ಬಿಡಿ ಮಾರಾಯ್ರೆ. ಊರಿಗೆಲ್ಲ ನನ್ನ ಹೆಸ್ರ್ ನೆನ್ಪಾಪ್ದ್ ದೋಣಿ ಮಗ್ಚಿದ್ ದಿನ ಮಾತ್ರ. ಹದಿನೈದ್ ವರ್ಷ ಆಯ್ತ್, ಒಬ್ರಿಗೂ ನೆನ್ಪಾಯ್ಲಿಲ್ಲ."