ಬೀರವ್ವ ನೋಡಿದ ಠಕ್ಕನ ಸಿನೆಮಾ

ಆರಗದ ಶ್ರೀಪಾಲನ ಮೊದಲ ಸಿನೆಮಾಕ್ಕೆ ಸಾಂಗಲಿಯೆಲ್ಲ ತಲೆದೂಗಿತ್ತು. ಎರಡನೆಯದು ಠಕ್ಕನ ಕತೆ. ನಮ್ಮ ಲಿಂಗನೂರಿನ ಕುರಿಗಾರತಿ ಬೀರವ್ವನ ಬಾಯಿಂದಲೇ ಕೇಳಿ ಬರೆದುಕೊಂಡದ್ದು. ರಾಜ್ಯಗಳ ಪುನರ್ವಿಂಗಡಣೆಯಾದ ವರ್ಷ ಅದು ಮಿರಜಕ್ಕೆ ಬಂತು.

"ಕಡೀಕ ಅಂವಾ ಸಿಗತಾನಂತ. ನನ್ನೂ ಕರಕೊಂಡ ಹೋಗ್ರಿ ಮಾಸ್ತರ" ಎಂದು ಬೀರವ್ವ ಗಂಟುಬಿದ್ದಳು. ಹೊರಟಾಗ ಅವಳ ಬಗಲಲ್ಲಿ ಸಜ್ಜೆ ರೊಟ್ಟಿಯ ಗಂಟು. ನಮ್ಮಿಬ್ಬರಿಗೆಂದು ನಾನು ತಿಳಿದೆ.

ಎಂಟು ವರ್ಷದ ಹಿಂದೆ, ಸಂಸ್ಥಾನಗಳು ವಿಲೀನವಾದಾಗ, ಎಂದೋ ಕಾಣೆಯಾಗಿದ್ದ ಅವಳ ಮಗ ಅಮೋಘಸಿದ್ಧ ತಾನೇ ಎಂದು ಒಬ್ಬ ಬಂದಿದ್ದ. ಇಪ್ಪತ್ತು ದಿನ ಉಂಡು, ಏಳು ಕುರಿ ಹೊಡೆದುಕೊಂಡು ಮಾಯವಾದ. ಮ್ಹೈಸಾಳದಲ್ಲೂ ಯಾರಿಗೋ ಮಗನಾಗಿದ್ದನಂತೆ, ಪುಣ್ಯಾತ್ಮ!

ಸಿನೆಮಾ ಸಪ್ಪಗಿತ್ತು. ಅಷ್ಟು ಒಳ್ಳೆಯ ಕೈ ಇದ್ದ ಶ್ರೀಪಾಲ ಹೀಗೇಕೆ ಮಾಡಿದನೋ. ಠಕ್ಕನಿಗೆ ಮೀಸೆ ತಿರುವುವುದು, ತಾಯಿಗೆ ಬೆಪ್ಪಾಗುವುದು, ಇಷ್ಟೇ ಕೆಲಸ. ಜನ ಬೀಡಿ ಸೇದಲು ಎದ್ದು ಹೋದರು. ಬೀರವ್ವ ಕದಲಲಿಲ್ಲ. ಕೊನೆಗೆ ಪೊಲೀಸರು ಠಕ್ಕನನ್ನು ಹಿಡಿದರು.

ಹೊರಗೆ ಶ್ರೀಪಾಲ ಮುಖ ಬಾಡಿಸಿಕೊಂಡು ನಿಂತಿದ್ದ. ಬೀರವ್ವ ಅವನ ಕೈ ಹಿಡಿದಳು.

"ತಮ್ಮಾ, ಅಂವಾ ಯಾವ ಜೇಲಿನ್ಯಾಗ ಅದಾನ?"

"ಯಾರೂ ಸಿಕ್ಕಿಲ್ಲ ಮಾವಶಿ. ಅದು ನಾ ಕಟ್ಟಿದ್ದು."

ಅವಳ ಮುಖ ನೋಡಲಾಗಲಿಲ್ಲ.

"ಹೋದ ಕುರಿ ತಿರುಗಿ ಬರ್ತಾವಂತ ಮಾಡಿದ್ರೇನು?" ಎಂದ ಶ್ರೀಪಾಲ.

"ಕುರಿ ಹಾಳಾಗ್ಲಿ. ಅಂವಾ ನನ್ನ ಮಗಾ ಅಲ್ಲ ಅಂತ ಮೊದಲನೇ ಸಂಜೀಕೇ ತಿಳಿದಿತ್ತು."

ಇಬ್ಬರೂ ಬಾಯಿ ಬಿಟ್ಟೆವು. ಆ ಸಂಜೆ ಮರಿಗಳನ್ನು ಕುಡಿಯಲು ಬಿಡುವಾಗ ಅವನು ಒಂದು ಕುರಿಯ ಮರಿಯನ್ನು ಇನ್ನೊಂದು ಕುರಿಗೆ ಬಿಟ್ಟನಂತೆ. ಕುರಿ ಒದ್ದಿತಂತೆ. ಕುರುಬರ ಮನೆಯ ಐದು ವರ್ಷದ ಕೂಸೂ ಆ ತಪ್ಪು ಮಾಡುವುದಿಲ್ಲ.

"ಮತ್ತ ಯಾಕ ಸುಮ್ನಿದ್ರಿ?" ಎಂದು ಶ್ರೀಪಾಲ ಕೇಳಿದ.

"ತಾಯಿ ಸತ್ತ ಮರೀಗೆ ಬ್ಯಾರೆ ಕುರಿ ಹಾಲು ಕುಡಸೂ ಮುಂದ ಆ ಕುರಿ ತಲಿ ಗಟ್ಟಿ ಹಿಡೀಬೇಕಾಗತೈತಿ. ನನ್ನ ತಲಿ ಯಾರೂ ಹಿಡೀಲಿಲ್ಲೋ ತಮ್ಮಾ. ನಾನಾಗೇ ನಿಂತೆ."

ಶ್ರೀಪಾಲನಿಗೆ ತನ್ನ ಸಿನೆಮಾ ಎಲ್ಲಿ ಸತ್ತಿತೆಂದು ಆಗ ತಿಳಿದಿರಬೇಕು.

ಬೀರವ್ವ ಗಂಟು ಬಿಚ್ಚಿದಳು.

"ಜೇಲಿನ್ಯಾಗ ಕೊಟ್ಟು ಬರಬೇಕಂತ ತಂದಿದ್ದೆ. ನೀನರ ಉಣ್ಣು."

ಅವನು ಅಲ್ಲೇ, ಟಾಕೀಜಿನ ಬಾಗಿಲಲ್ಲಿ ನಿಂತು ಉಂಡ. ಪೂರ್ತಿ ಉಣ್ಣುವವರೆಗೆ ಅವಳು ನೋಡುತ್ತಲೇ ಇದ್ದಳು.